ಕೇರಿಗೆ ಸಾರದ ಡಂಗುರ

ಬಸರಿಗುಡ್ಡದಲ್ಲಿ ಡಂಗುರ ಹನಮಪ್ಪನ ಗುಡಿಯಿಂದ ಹೊರಡುತ್ತದೆ. ಚಾವಡಿ, ಗೌಡರ ಓಣಿ, ಬಣಗಾರ ಓಣಿ, ಕುರುಬರ ಓಣಿ, ಮಸೂತಿಯ ಮುಂದಿನ ಬಯಲು ದಾಟಿ ಊರಬಾಗಿಲಾದ ಅಗಸಿಯ ಹತ್ತಿರ ಮುಗಿಯುತ್ತದೆ. ಒಟ್ಟು ಏಳು ಕಡೆ ನಿಲ್ಲಬೇಕು. ಅಗಸಿಯ ಆಚೆ ಇನ್ನೂರು ಹೆಜ್ಜೆಗೆ ಮಾದರ ಕೇರಿ. ಡಂಗುರ ಸಾರುವ ಫಕ್ಕೀರಪ್ಪನ ಮನೆ ಇರುವುದು ಅಲ್ಲೇ. ಅಲ್ಲಿಗೆ ಡಂಗುರ ಹೋಗುವುದಿಲ್ಲ.

ಹೋಗಬಾರದೆಂದು ಯಾರೂ ಬರೆದಿಟ್ಟಿಲ್ಲ. ಫಕ್ಕೀರಪ್ಪನ ಅಪ್ಪ ಅಗಸಿಗೆ ಬಂದಕೂಡಲೇ ಹಲಗೆಯನ್ನು ಹೆಗಲಿಂದ ಇಳಿಸುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಡಂಗುರ ಊರಿನದು. ಕರ ತುಂಬುವವರಿಗೆ, ಗುಡಿಯ ಕೆಲಸಕ್ಕೆ ಕೂಡುವವರಿಗೆ, ಕೆರೆಯ ನೀರು ಬಿಡುವುದು ಯಾವಾಗ ಎಂದು ತಿಳಿಯಬೇಕಾದವರಿಗೆ. ಕೇರಿಯವರು ಬೇಕಾದರೆ ಯಾರಾದರೂ ಬಂದು ಅಗಸಿಯಲ್ಲಿ ನಿಂತು ಕೂಗುತ್ತಾರೆ. ಸಾಮಾನ್ಯವಾಗಿ ಅದು ಕೆಲಸಕ್ಕೆ ಕರೆಯುವ ಕೂಗು.

ಡಿಸೆಂಬರ್ ಹತ್ತೊಂಬತ್ತರಂದು ಪಂಚಾಯ್ತಿ ಪಿಡಿಒ ವೀರೇಶ ಒಂದು ಚೀಟಿ ಓದಿ ಹೇಳಿದ. ಫಕ್ಕೀರಪ್ಪನಿಂದ ಮೂರು ಸಲ ಅನ್ನಿಸಿದ. ಪತ್ರಿಕೆ ಮುಟ್ಟದ ಕಡೆ ಡಂಗುರ ಹೊಡೆಸಿ ಜನರಿಗೆ ತಿಳಿಸಬೇಕೆಂದು ಕಾನೂನಿನಲ್ಲಿದೆ. ಬಸರಿಗುಡ್ಡಕ್ಕೆ ದಿನಾ ಎರಡು ಪತ್ರಿಕೆ ಬರುತ್ತಿದ್ದವು. ಎರಡೂ ಹುಚ್ಚೀರಪ್ಪ ಗೌಡರ ಕಟ್ಟೆಗೆ.

ಚಳಿಗೆ ಹಲಗೆಯ ತೊಗಲು ಸಡಿಲಾಗಿತ್ತು. ಫಕ್ಕೀರಪ್ಪ ತೊಗರಿ ಕಟ್ಟಿಗೆ ಒಟ್ಟಿ, ಬೆಂಕಿಗೆ ಹಿಡಿದು ಬಿಗಿ ಮಾಡಿಕೊಂಡ. ಗುಡಿಯ ಮುಂದೆ ನಿಂತು ಬಾರಿಸಿದ.

"ಕೇಳ್ರಪೋ ಕೇಳ್ರಿ! ಜನವರಿ ಇಪ್ಪತ್ತೊಂದನೇ ತಾರೀಖ ಮುಂಜಾನಿ ಹನ್ನೊಂದ ಗಂಟೆಕ್ಕ ಸಾಲಿ ಬಯಲಾಗ ಪರಿಸರದ ಸಭಾ ಐತಿ! ಗುಡ್ಡದ ಬುಡಕ ಸರ್ವೆ ನಂಬರ ಇನ್ನೂರಾ ಆರು, ಇನ್ನೂರಾ ಏಳರಾಗ ನಲವತ್ತೆರಡ ಎಕರೆ ಕಲ್ಲಗಣಿ ಮಾಡತಾರ! ಹೇಳೂದು ಕೇಳೂದು ಇದ್ದಾವ್ರು ಬಂದು ಹೇಳ್ರಿ!"

ಬಣಗಾರ ಓಣಿಯ ಕಟ್ಟೆಯಿಂದ ಒಬ್ಬ ಮುದುಕ ಕೂಗಿದ. "ಸಾವಕಾಶ ಬಾರಿಸಲೇ ಫಕ್ಕೀರ್ಯಾ, ಗುಡ್ಡಕ್ಕ ಎಚ್ಚರಾದೀತು!"

ಎಲ್ಲರೂ ನಕ್ಕರು. ಫಕ್ಕೀರಪ್ಪನೂ ನಕ್ಕ. ನಗುವುದೂ ಆ ಕೆಲಸದಲ್ಲಿ ಸೇರಿತ್ತು.

ಹತ್ತೂಮುಕ್ಕಾಲಿಗೆ ಅಗಸಿಗೆ ಬಂದು ಹಲಗೆ ಇಳಿಸಿದ. ಕೇರಿಯ ಮೊದಲ ಮನೆಯ ಮುಂದೆ ಅವನ ಚಿಗವ್ವ ಕಸ್ತೂರೆವ್ವ ಕೂತು ಹಸಿ ಕಟ್ಟಿಗೆ ಬಿಸಿಲಿಗೆ ಹರವುತ್ತಿದ್ದಳು. ಅರವತ್ತೈದು ದಾಟಿದ ಹೆಂಗಸು. ಕಿವಿ ಮಂದ, ಕಣ್ಣು ಚುರುಕು.

"ಏನ ಸಾರಿದ್ಯೋ ಫಕ್ಕೀರಪ್ಪಾ?"

"ಏನಿಲ್ಲಬೇ ಚಿಗವ್ವ. ಊರಾಗಿಂದು."

ಅವಳು ಮತ್ತೆ ಕಟ್ಟಿಗೆ ಹರವಿದಳು.

ಮಧ್ಯಾಹ್ನ ವೀರೇಶ ಪಂಚಾಯ್ತಿಗೆ ಕರೆದು ಒಂದು ಹಾಳೆ ಮುಂದಿಟ್ಟ. ಟೈಪು ಮಾಡಿದ ನಾಲ್ಕು ಸಾಲು. ಫಕ್ಕೀರಪ್ಪ ನಾಲ್ಕನೆಯ ಇಯತ್ತೆವರೆಗೆ ಕಲಿತವನು. ಅಕ್ಷರ ಅಕ್ಷರ ಕೂಡಿಸಿ ಓದಿದ. 'ಊರಿನ ಎಲ್ಲ ಓಣಿಗಳಲ್ಲಿ, ಪರಿಶಿಷ್ಟ ಜಾತಿಯ ಕೇರಿಯೂ ಸೇರಿದಂತೆ, ಡಂಗುರ ಸಾರಿರುತ್ತೇನೆ.' ಕೇರಿ ಎಂಬ ಶಬ್ದದ ಮೇಲೆ ಅವನ ಬೆರಳು ನಿಂತಿತು.

"ಸಹಿ ಹಾಕೋ ಮಾರಾಯಾ, ಜಲ್ದಿ. ತಾಲೂಕಿಗೆ ಹೋಗಬೇಕು ನಾ."

ಬೆರಳು ಸರಿಯಿತು. ಸಹಿ ಹಾಕಿದ. ಓದಲು ಬರುವುದಿಲ್ಲ ಎನ್ನುವ ನೆವವೂ ಅವನಿಗಿರಲಿಲ್ಲ.

*

ಜನವರಿ ಇಪ್ಪತ್ತೊಂದರ ಬೆಳಿಗ್ಗೆ ಐದಕ್ಕೆ ಎರಡು ಟಂಟಂ ಗಾಡಿ ಅಗಸಿಯ ಹತ್ತಿರ ಬಂದು ನಿಂತವು. ಕೇರಿಯ ಹೆಂಗಸರು, ಗಂಡಸರು ನಲವತ್ತು ಮಂದಿ ಕುರ್ತಕೋಟಿಗೆ ಕಡಲೆ ಕೀಳಲು ಹೋದರು. ಕಡಲೆಯನ್ನು ಇಬ್ಬನಿ ಇರುವಾಗಲೇ ಕೀಳಬೇಕು. ಬಿಸಿಲೇರಿದರೆ ಗಿಡ ಗರಿಗರಿಯಾಗಿ ಕಾಯಿ ಉದುರುತ್ತವೆ. ಆಮೇಲೆ ಕಿತ್ತದ್ದನ್ನು ಒಟ್ಟಿ ಊರಿಗೆ ಮರಳುವಾಗ ಮೂರು ಗಂಟೆಯಾಗುತ್ತದೆ. ಫಕ್ಕೀರಪ್ಪನ ಹೆಂಡತಿ ಹನಮಂತವ್ವ ಹೋದಳು. ಕಸ್ತೂರೆವ್ವನೂ ಹೋದಳು.

ಫಕ್ಕೀರಪ್ಪನಿಗೆ ಏಳಕ್ಕೇ ಶಾಲೆಯ ಬಯಲಿನಿಂದ ಕರೆ ಬಂತು. ಶಾಮಿಯಾನದ ಗೂಟ ಹುಗಿದ. ಜಮಖಾನೆ ಹಾಸಿದ. ಲಕ್ಷ್ಮೇಶ್ವರದಿಂದ ಬಂದ ನೂರಿಪ್ಪತ್ತು ಕುರ್ಚಿ ಇಳಿಸಿದ. ಚಹಾ ಹಂಚುವ ಕೆಲಸ ಮಾತ್ರ ಅವನಿಗೆ ಕೊಡಲಿಲ್ಲ. ಅದಕ್ಕೆ ಬೇರೆ ಹುಡುಗರಿದ್ದರು. ಕೊಡದಿರುವುದಕ್ಕೆ ಯಾರೂ ಕಾರಣ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಹನ್ನೊಂದಕ್ಕೆ ಅಪರ ಜಿಲ್ಲಾಧಿಕಾರಿ ಬಂದರು. ಜೊತೆಗೆ ಪರಿಸರ ಅಧಿಕಾರಿ ಶೈಲಾ ಮೇಡಂ. ಗಣಿ ಕಂಪನಿಯ ಎರಡು ಬಸ್ಸಿನಲ್ಲಿ ಬಂದವರು ಹಿಂದಿನ ಸಾಲು ತುಂಬಿದರು. ಮುಂದಿನ ಸಾಲಿನಲ್ಲಿ ಹುಚ್ಚೀರಪ್ಪ ಗೌಡರು ಕೂತರು. ಅವರ ಮಗನ ನಾಲ್ಕು ಟಿಪ್ಪರುಗಳು ಗಣಿಗೆ ಓಡುವುದು ಆಗಲೇ ನಿಕ್ಕಿಯಾಗಿತ್ತು.

ಎರಡು ಗೂಟಗಳ ನಡುವೆ ದೊಡ್ಡ ನಕ್ಷೆ ಕಟ್ಟಿದ್ದರು. ಗುಡ್ಡದ ಕಡೆಯಿಂದ ಗಾಳಿ ಬೀಸಿ ಅದು ಪಟಪಟ ಬಡಿಯತೊಡಗಿತು.

"ಫಕ್ಕೀರಪ್ಪ, ಕೆಳಗ ಹಿಡಕೊಂಡ ನಿಂದ್ರು," ಅಂದ ವೀರೇಶ.

ಹಿಡಿದು ನಿಂತ.

"ತಲಿ ಅಡ್ಡ ಬರತೈತಿ. ಕುಂಡ್ರು."

ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈ ಅಗಲಿಸಿ, ನಕ್ಷೆಯ ಅಂಚು ಹಿಡಿದ. ಮುಖ ಜನರ ಕಡೆಗೆ. ಹಾಗೆ ಐವತ್ತು ನಿಮಿಷ ಕೂತ. ಮೊದಲು ತೋಳು ಸೋತವು. ಆಮೇಲೆ ಮೊಣಕಾಲು ಉರಿಯತೊಡಗಿದವು. ಆಮೇಲೆ ಉರಿಯೂ ಹೋಗಿ ಕಾಲು ಮರಗಟ್ಟಿದವು.

ಕಂಪನಿಯ ಸಲಹೆಗಾರ ವಿಶಾಲ ಎಂಬ ಯುವಕ ಕೋಲು ಹಿಡಿದು ವಿವರಿಸಿದ. ಎಷ್ಟು ಟನ್ ಕಲ್ಲು, ಎಷ್ಟು ಜನರಿಗೆ ಕೆಲಸ, ಧೂಳು ಏಳದಂತೆ ದಿನಕ್ಕೆ ಎಷ್ಟು ಸಲ ನೀರು. ಕೋಲು ಕೆಳಗಿಳಿಯಿತು. ಫಕ್ಕೀರಪ್ಪನ ಎಡಗೈ ಬೆರಳಿಗೆ ತಾಗಿ ನಿಂತಿತು.

"ಇದು ಸರ್ವೆ ನಂಬರ್ ಇನ್ನೂರ ಏಳು. ಸರ್ಕಾರಿ ಪಡ ಭೂಮಿ. ಸಾಗುವಳಿ ಇಲ್ಲ. ಐನೂರು ಮೀಟರ್ ಒಳಗೆ ಜನವಸತಿ ಇಲ್ಲ."

ಫಕ್ಕೀರಪ್ಪ ಕತ್ತು ಹೊರಳಿಸಿ ತನ್ನ ಕೈಯ ಕಡೆ ನೋಡಿದ. ನೀಲಿ ಗೆರೆ ಇತ್ತು. ಅದು ಹಳ್ಳ. ಅದು ಬಾಗುವ ಜಾಗ ಅವನಿಗೆ ಗೊತ್ತು. ಬಾಗಿನ ಈಚೆ ದಂಡೆಗೆ ಕಸ್ತೂರೆವ್ವನ ಎರಡೆಕರೆ. ಅದರ ಪಕ್ಕಕ್ಕೆ ಕೇರಿಯ ಇನ್ನೂ ಹತ್ತು ಮನೆಗಳ ಹೊಲ. ನಲವತ್ತು ವರ್ಷದ ಹಿಂದೆ ಸರ್ಕಾರ ದರಖಾಸ್ತಿನಲ್ಲಿ ಕೊಟ್ಟದ್ದು. ಅಳೆದು ಪಾಲು ಮಾಡಿ ಬೇರೆ ನಂಬರು ಕೊಡುವ ಕೆಲಸ ಇವತ್ತಿಗೂ ಆಗಿಲ್ಲ. ಆದ್ದರಿಂದ ಕಾಗದದಲ್ಲಿ ಅದು ಇನ್ನೂ ಸರ್ಕಾರದ್ದು, ಇನ್ನೂ ಪಡ. ಹೊಲದ ಮೇಲುಗಡೆ ಕೇರಿಯ ಸುಡುಗಾಡು. ಅವನ ಅಪ್ಪನನ್ನು ಹುಗಿದದ್ದು ಅಲ್ಲಿ.

ಅವನು ಇನ್ನೂ ನೋಡಿದ. ಕೇರಿಗಾಗಿ ಹುಡುಕಿದ. ಗುಡಿ ಇತ್ತು. ಶಾಲೆ ಇತ್ತು. ಓಣಿಗಳ ಗೆರೆಗಳಿದ್ದವು. ಅಗಸಿ ಇತ್ತು. ಅಗಸಿಯ ಆಚೆ ಹಸಿರು ಬಣ್ಣ ಬಳಿದಿದ್ದರು. ನಕ್ಷೆಯಲ್ಲಿ ಊರು ಅಗಸಿಗೆ ಮುಗಿದಿತ್ತು. ಅವನ ಡಂಗುರದ ಹಾಗೆಯೇ.

ಶೈಲಾ ಮೇಡಂ ಎದ್ದು ಕಾಗದಗಳನ್ನು ಓದಿದರು. ಪತ್ರಿಕೆಯ ಪ್ರಕಟಣೆ, ಅದರ ತಾರೀಖು. ಬಳಿಕ ಡಂಗುರದ ದೃಢೀಕರಣ. "ಪರಿಶಿಷ್ಟ ಜಾತಿಯ ಕೇರಿಯೂ ಸೇರಿದಂತೆ. ಸಹಿ, ಫಕ್ಕೀರಪ್ಪ ಯಮನಪ್ಪ ಮಾದರ."

"ಭಾರೀ ದೊಡ್ಡಾವ್ರ ಸಹಿ!" ಎಂದು ಹಿಂದಿನಿಂದ ಯಾರೋ ಅಂದರು. ನಗು ಹರಡಿತು.

"ಕೇರಿಯಿಂದ ಯಾರಾದರೂ ಮಾತಾಡ್ತೀರಾ?" ಅಪರ ಜಿಲ್ಲಾಧಿಕಾರಿ ಕೇಳಿದರು. ಅವರ ಕಣ್ಣು ಸಾಲು ಸಾಲು ಹುಡುಕಿತು. ಎದುರಿಗೇ ಕುಕ್ಕರಗಾಲಿನಲ್ಲಿ ಕೂತವನ ಮೇಲೆ ನಿಲ್ಲಲಿಲ್ಲ.

ಹುಚ್ಚೀರಪ್ಪ ಗೌಡರು ಕೂತಲ್ಲಿಂದಲೇ ಹೇಳಿದರು. "ಅವರದೇನ ತಕರಾರಿಲ್ರಿ ಸರ್. ದುಡ್ಯಾಕ ಹೋಗ್ಯಾರ. ಗಣಿ ಆದ್ರ ಅವರಿಗೇ ಚೊಲೊ, ಊರಾಗ ಕೆಲಸ ಸಿಗತೈತಿ."

"ಸರಿ. ಕೇರಿಯಿಂದ ಆಕ್ಷೇಪಣೆ ಇಲ್ಲ ಅಂತ ಬರೆದುಕೊಳ್ಳಿ."

ಫಕ್ಕೀರಪ್ಪ ಕೈ ಬಿಟ್ಟ. ನಕ್ಷೆ ಮೇಲೆ ಹಾರಿ ವಿಶಾಲನ ಮುಖಕ್ಕೆ ಬಡಿಯಿತು. ಎದ್ದು ನಿಲ್ಲಲು ಹೋದರೆ ಕಾಲು ಬರಲಿಲ್ಲ. ಎರಡೂ ಕೈ ಊರಿ, ಗೂಟ ಹಿಡಿದು ಎದ್ದ. ಜನ ಮತ್ತೆ ನಕ್ಕರು.

"ಸಾಹೇಬ್ರ, ಅದು ಸುಳ್ಳ ಸಹಿ ಐತ್ರಿ."

"ಯಾರದು?"

"ನಂದ್ರಿ. ನಾ ಕೇರ್ಯಾಗ ಸಾರಿಲ್ರಿ."

"ಏ ಫಕ್ಕೀರ್ಯಾ!" ಗೌಡರ ಧ್ವನಿ ಏರಿತು. "ಕುಂಡ್ರಲೇ ಕೆಳಗ."

"ಕುಂತು ಕಾಲ ಸತ್ತಾವ್ರಿ ಗೌಡ್ರ. ನಿಂತೇ ಹೇಳತೇನಿ."

ಅಪರ ಜಿಲ್ಲಾಧಿಕಾರಿ ಕೈಯೆತ್ತಿ ಗೌಡರನ್ನು ಸುಮ್ಮನಿರಿಸಿದರು. ಸಭೆಯನ್ನು ಚಿತ್ರೀಕರಿಸುತ್ತಿದ್ದ ಕ್ಯಾಮೆರಾದವನು ಫಕ್ಕೀರಪ್ಪನ ಕಡೆ ತಿರುಗಿದ. "ಕೇರಿಯಲ್ಲಿ ಸಾರಬೇಡ ಅಂತ ಯಾರು ಹೇಳಿದರು? ಹೆಸರು ಹೇಳಿ," ಎಂದರು ಅಪರ ಜಿಲ್ಲಾಧಿಕಾರಿ.

ಒಂದು ಹೆಸರು ಹೇಳಿಬಿಟ್ಟಿದ್ದರೆ ಹಗುರಾಗುತ್ತಿತ್ತು. ವೀರೇಶ ನೆಲ ನೋಡುತ್ತ ಕೂತಿದ್ದ. ಗೌಡರು ದಿಟ್ಟಿಸುತ್ತಿದ್ದರು. ಹೇಳಲು ಹೆಸರೇ ಇರಲಿಲ್ಲ.

"ಯಾರೂ ಬ್ಯಾಡ ಅಂದಿಲ್ರಿ. ನಾನ ಸಾರಲಿಲ್ಲ. ನಮ್ಮಪ್ಪನೂ ಸಾರಿದ್ದಿಲ್ಲ. ಕೇರಿ ಊರಾಗ ಬರೂದಿಲ್ಲಂತ ನನಗ ಯಾರೂ ಹೇಳಬೇಕಾಗಿದ್ದಿಲ್ರಿ."

"ಸಹಿ ಮಾಡುವಾಗ ಓದಲಿಲ್ಲವೇ?"

"ಓದೇ ಮಾಡೇನ್ರಿ."

ಈ ಸಲ ಯಾರೂ ನಗಲಿಲ್ಲ. ಅದು ಅವನಿಗೆ ನಗುವಿಗಿಂತ ಹೆಚ್ಚು ಚುಚ್ಚಿತು.

"ಕೇರಿಯಾವ್ರು ಮೂರ ಗಂಟೆಕ್ಕ ಬರ್ತಾರ್ರಿ. ಅಲ್ಲೀತನಕಾ ಸಭಾ ಮುಗಸಬ್ಯಾಡ್ರಿ. ಹೊಲ ಅವರದ ಐತಿ. ಹನ್ನೊಂದ ಮನಿ. ಕೈ ಮುಗೀತೇನಿ."

ಅಪರ ಜಿಲ್ಲಾಧಿಕಾರಿ ಶೈಲಾ ಮೇಡಂ ಕಡೆ ನೋಡಿದರು. ಮೇಡಂ ನಿಯಮದ ಪುಸ್ತಕ ತೆಗೆದು ಒಂದು ಕಡೆ ಬೆರಳಿಟ್ಟು ತೋರಿಸಿದರು. ಸಭೆಗೆ ಇಷ್ಟು ಜನ ಬರಲೇಬೇಕೆಂಬ ನಿಯಮವಿಲ್ಲ. ಎರಡೂವರೆಗೆ ಅಪರ ಜಿಲ್ಲಾಧಿಕಾರಿಗೆ ಗದಗಿನಲ್ಲಿ ಇನ್ನೊಂದು ಸಭೆಯಿತ್ತು. "ನಿಮ್ಮ ಮಾತು ದಾಖಲಾಗಿದೆ," ಎಂದರು.

ಕೊನೆಗೆ ನಡಾವಳಿಯನ್ನು ಓದಿ ಹೇಳಿದರು. ಮೂವತ್ತೊಂದು ಮಂದಿ ಯೋಜನೆಯ ಪರವಾಗಿ ಮಾತಾಡಿದ್ದರು. ಒಬ್ಬರು ಡಂಗುರ ಸಾರಿದ ಕ್ರಮದ ಬಗ್ಗೆ ಹೇಳಿದ್ದರು. ಹೊಲದ ಮಾತು ಅದರಲ್ಲಿರಲಿಲ್ಲ. ಹನ್ನೆರಡು ಐವತ್ತಕ್ಕೆ ಸಭೆ ಮುಗಿಯಿತು.

ಎಲ್ಲರೂ ಎದ್ದು ಹೋದ ಮೇಲೆ ಜಮಖಾನೆ ಸುತ್ತಬೇಕಿತ್ತು. ಫಕ್ಕೀರಪ್ಪ ಸುತ್ತಿದ. ಯಾಕೆ ಸುತ್ತಿದೆ ಎಂದು ಆಮೇಲೆ ಎಷ್ಟೋ ದಿನ ತನ್ನನ್ನೇ ಕೇಳಿಕೊಂಡ.

*

ಮೂರೂಕಾಲಿಗೆ ಟಂಟಂಗಳು ಬಂದವು. ಹೆಂಗಸರು ಇಳಿದರು. ಕಡಲೆ ಗಿಡದ ಹುಳಿ ಹತ್ತಿ ಎಲ್ಲರ ಬೆರಳುಗಳೂ ಸುಲಿದಿದ್ದವು. ಫಕ್ಕೀರಪ್ಪ ಅಗಸಿಯಲ್ಲಿ ನಿಂತು ಹೇಳಿದ. ಸಭೆಯಲ್ಲಿ ನೂರಾರು ಜನರ ಮುಂದೆ ಆಡಿದ ಮಾತು ಇಲ್ಲಿ ಹೊರಡುವುದು ಕಷ್ಟವಾಯಿತು. ನಡುನಡುವೆ ನಿಂತು ನಿಂತು ಹೇಳಿದ.

ಕಸ್ತೂರೆವ್ವ ಹತ್ತಿರ ಬಂದಳು. "ಎಷ್ಟನೇ ನಂಬರ?"

"ಇನ್ನೂರಾ ಏಳು."

"ಅವತ್ತ ಸಾರುಮುಂದ ನಂಬರ ಅಂದಿದ್ದೇನು?"

"ಅಂದಿದ್ದೆ."

ಅವಳು ದಾರಿಯ ಮೇಲೆ ಕೂತಳು. ಮೂವತ್ತು ವರ್ಷ ಪಹಣಿಗಾಗಿ ಶಿರಹಟ್ಟಿಯ ತಾಲೂಕು ಕಚೇರಿಗೆ ಅಲೆದವಳು. ಓದು ಬಾರದ ಹೆಂಗಸಿಗೆ ಜಗತ್ತಿನಲ್ಲಿ ಗೊತ್ತಿದ್ದ ಒಂದೇ ಸರ್ಕಾರಿ ಅಂಕಿ ಅದು. ಆ ಹೊಲದಲ್ಲಿ ಮೊದಲು ಮಣ್ಣಿರಲಿಲ್ಲ, ಬರೀ ಕಲ್ಲಿತ್ತು. ಅವಳು, ಅವಳ ಅತ್ತೆ, ನೆಗೆಣ್ಣಿ, ಮೂವರೂ ಆರು ಬೇಸಿಗೆ ತಲೆಯ ಮೇಲೆ ಕಲ್ಲು ಹೊತ್ತು ಹಳ್ಳದ ದಂಡೆಗೆ ಒಡ್ಡು ಹಾಕಿದ್ದರು. ನೆಗೆಣ್ಣಿಗೆ ಏಳನೆಯ ತಿಂಗಳಲ್ಲಿ ಗರ್ಭ ಹೋದದ್ದು ಆ ಕಲ್ಲು ಹೊರುವಾಗಲೇ. ಈಗ ಆ ನೆಲದಲ್ಲಿ ಜೋಳ ಬೆಳೆಯುತ್ತಿತ್ತು.

"ಇನ್ನೂರಾ ಏಳು ಅಂತ ಒಂದ ಸಲ ಒದರಿದ್ರ ಸಾಕಿತ್ತಲ್ಲೋ," ಎಂದಳು. ಧ್ವನಿ ಏರಿರಲಿಲ್ಲ. "ಕಡ್ಲಿ ಬಿಟ್ಟು ಹೋಗಿ ಆ ಸಭಾದಾಗ ಕುಂಡ್ರತಿದ್ನಿ. ಏನ ಸಾರಿದ್ಯೋ ಅಂತ ಬಾಯಿ ಬಿಟ್ಟ ಕೇಳಿದ್ನಿ ನಿನ್ನ. ಊರಾಗಿಂದು ಅಂದಿ."

ಹನಮಂತವ್ವ ಸುಮ್ಮನಿರಲಿಲ್ಲ. "ಗೌಡನ ಮನಿ ಎಮ್ಮಿ ಈದ್ರ ಊರೆಲ್ಲಾ ಸಾರಿಕೊಂಡ ಬರ್ತಿ. ನಿನ್ನ ಮಂದಿ ಹೊಲ ಹೋಗೂದು ನಿನ್ನ ಬಾಯಿಗೆ ಬರಲಿಲ್ಲ? ಎಂಥಾ ಗಂಟಲೋ ಅದು!" ಎಂದು ಕಡಲೆಯ ಸಿಬರಿದ್ದ ಸೆರಗನ್ನು ಅವನ ಎದುರಿಗೇ ಕೊಡವಿದಳು. "ಹೋಗು, ಒಳಗ ಹೋಗು. ನೋಡಾಕತ್ತಾರ ಮಂದಿ."

ಅವನು ಒಳಗೆ ಹೋಗಲಿಲ್ಲ. ಕಸ್ತೂರೆವ್ವ ಎದ್ದು ಹೋಗುವ ತನಕ ಅಲ್ಲೇ ನಿಂತ. ಅವಳು ಅವನ ಕಡೆ ನೋಡದೆ ಹೋದಳು.

*

ಸಭೆಯ ನಡಾವಳಿ ಎಂಟು ದಿನದೊಳಗೆ ಮೇಲಕ್ಕೆ ಹೋಗಬೇಕು. ಮೂರನೆಯ ದಿನ ವೀರೇಶ ಹೇಳಿಕಳಿಸಿದ. ಪಂಚಾಯ್ತಿಯಲ್ಲಿ ಗೌಡರೂ ಇದ್ದರು. ಫಕ್ಕೀರಪ್ಪನಿಗೆ ಕುರ್ಚಿ ಹಾಕಿದರು. ಐವತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಮೊದಲ ಕುರ್ಚಿ. ಅವನು ಕೂರಲಿಲ್ಲ.

"ನಿನ್ನ ಮ್ಯಾಲ ನಮಗ ಸಿಟ್ಟಿಲ್ಲಪಾ," ಎಂದರು ಗೌಡರು. "ಒಂದ ಸಣ್ಣ ಕಾಗದ ಐತಿ. ವೀರೇಶ, ಓದಿ ಹೇಳ ಅವಗ."

"ಅವನಿಗೆ ಓದಾಕ ಬರತೈತ್ರಿ," ಎಂದ ವೀರೇಶ. ಹಾಳೆಯನ್ನು ಮುಂದೆ ಸರಿಸಿದ.

ಫಕ್ಕೀರಪ್ಪ ಓದಿದ. ಸಭೆಯ ದಿನ ತಾನು ಮದ್ಯಪಾನ ಮಾಡಿದ್ದೆನೆಂದೂ, ಅಮಲಿನಲ್ಲಿ ಆಡಿದ ಮಾತನ್ನು ಹಿಂಪಡೆಯುತ್ತೇನೆಂದೂ, ಕೇರಿಯಲ್ಲಿ ಡಂಗುರ ಸಾರಿದ್ದು ನಿಜವೆಂದೂ ಬರೆದಿತ್ತು.

"ಅವತ್ತ ನಾ ಕುಡದಿದ್ದಿಲ್ರಿ."

"ಗೊತ್ತೈತೋ. ಬರೀ ಕಾಗದದಾಗ ಕುಡದಿದ್ದಿ. ಕುಡ್ಯಾಂವ ಅಂತ ಬರದ್ರ ನಿಂದೇನ ಮಾನ ಹೋಗತೈತಿ?"

ಮಾನದ ಮಾತು ಬಂದಾಗ ಫಕ್ಕೀರಪ್ಪ ತಲೆಯೆತ್ತಿದ.

"ಸಹಿ ಮಾಡಿದ ದಿನಾನೂ ಕುಡದಿದ್ದಿಲ್ರಿ ಗೌಡ್ರ. ಕುಡದಿದ್ರ ಚೊಲೊ ಇತ್ತು. ಅಮಲಿನ್ಯಾಗ ಮಾಡಿದೆ ಅಂತ ಚಿಗವ್ವಗ ಹೇಳಾಕ ಒಂದ ಮಾತರ ಇರತಿತ್ತು. ಎಚ್ಚರ ಇದ್ದು ಮಾಡೇನಿ. ಅದಕ್ಕ ಈ ಕಾಗದಕ್ಕ ಸಹಿ ಮಾಡಾಂಗಿಲ್ಲ."

"ಇನ್ನಮ್ಯಾಲ ಡಂಗುರ ನಿನ್ನ ಕೈಯಾಗ ಇರಾಂಗಿಲ್ಲ ನೋಡು. ನವಾಜನ ಆಟೋಕ ಮೈಕ್ ಕಟ್ಟತೇವಿ."

"ಕಟ್ರಿ. ಅಗಸಿ ದಾಟಿ ಬರಾಕ ಹೇಳ್ರಿ ಅವಗ."

ಗೌಡರು ಎದ್ದರು. ಹೊಡೆಯುತ್ತಾರೆ ಎಂದುಕೊಂಡ ಫಕ್ಕೀರಪ್ಪ. ಅವನ ಮೈ ತಾನಾಗಿ ಮುದುಡಿತು. ಕೈ ತಲೆಗೆ ಅಡ್ಡ ಬಂತು. ಗೌಡರು ಹೊಡೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಹೊಡೆಯದೆಯೂ ಹಾಗೆ ಮುದುಡಿದ ತನ್ನ ಮೈಯನ್ನು ನೆನೆದು ಅವನಿಗೆ ದಾರಿಯುದ್ದಕ್ಕೂ ಹೇಸಿಗೆಯಾಯಿತು. ಆದರೆ ಹಾಳೆ ಮೇಜಿನ ಮೇಲೆ ಸಹಿಯಿಲ್ಲದೆಯೇ ಉಳಿದಿತ್ತು.

*

ಐದನೆಯ ದಿನ ಕಸ್ತೂರೆವ್ವ ಅವನ ಬಾಗಿಲಿಗೆ ಬಂದಳು. ಸಭೆಯ ದಿನದಿಂದ ಅವನ ಜೊತೆ ಮಾತು ಬಿಟ್ಟವಳು. ಒಳಗೆ ಬರಲಿಲ್ಲ.

"ನಾಳಿ ಗದಗಿಗೆ ಹೋಗೂದೈತಿ. ಡಿಸಿ ಆಫೀಸಿಗೆ. ಹನ್ನೊಂದ ಮನ್ಯಾವ್ರೂ ಹೊಂಟೇವಿ. ನೀ ಬರಬೇಕು."

"ಬರತೇನಿ ಚಿಗವ್ವ."

"ಸಾಲಿ ಬಯಲಾಗ ಹೇಳಿದ್ದನ್ನ ಅಲ್ಲೂ ಹೇಳಬೇಕು. ಎಲ್ಲಾರ ಮುಂದ. ಆಮ್ಯಾಲ ಬೆಂಗಳೂರಿಗೆ ಹೋಗೂದಾದ್ರ ಅಲ್ಲೂ."

"ಹೇಳತೇನಿ."

"ನಿನಗ ನಾಚಿಕಿ ಆಗತೈತಿ ಅಂತ ಬಿಡಾಂಗಿಲ್ಲ ನಾ."

"ಬಿಡಬ್ಯಾಡ."

ಬಸ್ಸಿನಲ್ಲಿ ಸೀಟುಗಳಿದ್ದವು. ಫಕ್ಕೀರಪ್ಪ ಗದಗಿನವರೆಗೆ ನಿಂತೇ ಹೋದ. ಕೂತರೆ ಯಾರಾದರೊಬ್ಬರ ಪಕ್ಕಕ್ಕೆ ಕೂರಬೇಕಾಗಿತ್ತು. ಹನ್ನೊಂದು ಮನೆಗಳಲ್ಲಿ ಯಾರ ಪಕ್ಕ ಎಂದು ಅವನಿಗೆ ತಿಳಿಯಲಿಲ್ಲ.

ಜಿಲ್ಲಾಧಿಕಾರಿ ಕಚೇರಿಯ ಗೇಟಿನ ಹೊರಗೆ ಅಂದಪ್ಪ ಎಂಬ ಮುದುಕ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುತ್ತಾನೆ. ಇಪ್ಪತ್ತಾರು ವರ್ಷದಿಂದ ಬೇರೆಯವರ ಸಂಕಟ ಬರೆದ ಕೈ. ಹೆಸರು, ಊರು, ತಾಲೂಕು ಬರೆದುಕೊಂಡ. ಸರ್ವೆ ನಂಬರನ್ನು ಕಸ್ತೂರೆವ್ವ ಎರಡು ಸಲ ಹೇಳಿದಳು, ಬರೆದದ್ದನ್ನು ಬೆರಳಿಟ್ಟು ತೋರಿಸು ಎಂದಳು. ಅಂದಪ್ಪ ತೋರಿಸಿದ.

"ಹಾಂ, ಇನ್ನ ತಕರಾರ ಯಾರ ಮ್ಯಾಲ? ಹೆಸರ ಹೇಳ್ರಿ."

"ಹುಚ್ಚೀರಪ್ಪ ಗೌಡ," ಎಂದರು ಒಬ್ಬರು. "ಪಿಡಿಒ," ಎಂದರು ಇನ್ನೊಬ್ಬರು. "ಕಂಪನಿ, ಕಂಪನಿ ಹೆಸರ ಮೊದಲ," ಎಂದಳು ಹನಮಂತವ್ವ.

ಫಕ್ಕೀರಪ್ಪ ಹಿಂದೆ ನಿಂತಿದ್ದ. ಜನರನ್ನು ಸರಿಸಿ ಮೇಜಿನ ಮುಂದೆ ಬಂದ.

"ಮೊದಲ ನನ್ನ ಹೆಸರ ಬರೀರಿ."

ಅಂದಪ್ಪ ಚಾಳೀಸು ಮೂಗಿನ ಮೇಲೆ ಇಳಿಸಿದ. "ನೀ ಅರ್ಜಿ ಕೊಡಾವ್ರ ಪೈಕಿ ಅಲ್ಲೇನೋ?"

"ಹೌದ್ರಿ."

"ಮತ್ತ ನಿನ್ನ ಮ್ಯಾಲ ನೀನ ಹೆಂಗ ತಕರಾರ ಕೊಡತಿ? ತಿಳಿದ ಮಂದಿ ನಗತಾರ."

"ನಗಲಿ. ಕೇರಿಗೆ ಸಾರದೇ, ಸಾರೇನಿ ಅಂತ ಸಹಿ ಮಾಡಿದಾಂವ ನಾ. ಅಲ್ಲಿಂದ ಬರಕೊಂತ ಹೋಗ್ರಿ. ಇಲ್ಲಂದ್ರ ಉಳದದ್ದು ಯಾರೂ ನಂಬೂದಿಲ್ಲ."

ಅಂದಪ್ಪ ಪೆನ್ನು ಎತ್ತಿಕೊಂಡವನು ಕಸ್ತೂರೆವ್ವನ ಮುಖ ನೋಡಿದ. ಬರೆಯಬೇಕೋ ಬೇಡವೋ ಎಂದು ಅವಳೇ ಹೇಳಲಿ ಎಂಬಂತೆ. ಸಭೆಯ ದಿನದ ಬಳಿಕ ಮೊದಲ ಸಲ ಅವಳು ಫಕ್ಕೀರಪ್ಪನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ.

"ಬರೀರಿ ಸಾಹೇಬ್ರ," ಎಂದಳು. "ಅಂವ ಖರೇನ ಹೇಳಾಕತ್ತಾನ. ಅಂವಂದು ಮುಗದ ಮ್ಯಾಲ ಉಳದಾವ್ರದು ನಾ ಹೇಳತೇನಿ. ಹಾಳಿ ಸಾಲದಿದ್ರ ಇನ್ನೊಂದ ತಗೀರಿ."